ಸೆಮೇನಿ ಒತ್ತೆಯಿಟ್ಟುಕೊಂಡ ಬೂಟು

ಸೆಮೇನಿ ಎಂದರೆ ಸ್ವಾಹಿಲಿಯಲ್ಲಿ ‘ಹೇಳಿರಿ’ ಎಂದರ್ಥ. ಹೆಸರಿಟ್ಟ ಅಜ್ಜಿಯ ಮನಸ್ಸಿನಲ್ಲಿ ಏನಿತ್ತೋ ಏನೋ, ಮಗು ಮಾತ್ರ ತನಗೆ ಇಟ್ಟದ್ದು ಹೆಸರಲ್ಲ, ಕೊಟ್ಟದ್ದು ಹುಕುಂ ಎಂದುಕೊಂಡೇ ಬೆಳೆಯಿತು. ಪಂಗಾನಿ ನದಿ ಸಮುದ್ರ ಸೇರುವಲ್ಲಿಂದ ಸ್ವಲ್ಪ ಬಡಗಲಿಗಿರುವ ಕಿಜಂಗ್ವಾನಿಯಲ್ಲಿ ಬೆಳಗಿನ ಬಾಂಗ್ ಮೊದಲೋ ಬಿ ಸೆಮೇನಿಯ, ಅಂದರೆ ಸೆಮೇನಿಯಮ್ಮನ, ಧ್ವನಿ ಮೊದಲೋ ಎಂಬ ಚರ್ಚೆ ಇನ್ನೂ ಇತ್ಯರ್ಥವಾಗಿಲ್ಲ. ಆಕೆಯ ಗಂಡ ಹತೀಬು ದೋಣಿಯ ಹಲಗೆ ಸಂದಿಗಳಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕುವ ಕಸುಬಿನವನು. ಊರಿನ ದೋಣಿಗಳ ಬಿರುಕನ್ನೆಲ್ಲ ಮುಚ್ಚಿದ, ಮನೆಯಲ್ಲಿರುವ ಒಂದು ಬಾಯನ್ನು ಮುಚ್ಚಲು ಅವನಿಂದಾಗಲಿಲ್ಲ ಎಂದು ಗಂಡಸರು ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಆಡಿಕೊಳ್ಳುತ್ತಾರೆ. ಹತೀಬು ಅದಕ್ಕೂ ಏನೂ ಅನ್ನುವುದಿಲ್ಲ. ಮನೆಗೆ ಬೇಕಾದ ಮಾತನ್ನೆಲ್ಲ ಒಬ್ಬಳೇ ಆಡಿ ಮುಗಿಸುತ್ತಿರುವಾಗ ಇನ್ನೊಬ್ಬ ಯಾಕೆ ಮೈಮುರಿಯಬೇಕು?

ಇಂಥ ಸೆಮೇನಿ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಸಸಿಗಳ ತಾಯಿಯಾದದ್ದು ಪರಿಸರಪ್ರೇಮದಿಂದ ಎಂದು ಯಾರಾದರೂ ಬರೆದರೆ ನಂಬಬೇಡಿ. ಹರೆಯದಲ್ಲಿ ಆಕೆಯೂ ಎಲ್ಲರ ಜೊತೆ ಕೊಡಲಿ ಹಿಡಿದು ಕಾಂಡ್ಲಾ ಕಾಡಿಗೆ ಇಳಿದವಳೇ. ಆಕೆಯ ಮನೆಯ ಮಾಡು ಇವತ್ತಿಗೂ ನಿಂತಿರುವುದು ಕಾಂಡ್ಲಾ ಗಳುಗಳ ಮೇಲೆ. ಆದರೆ ಹತ್ತು ಮನೆಗೆ ಗಳು ಕಡಿದದ್ದರಿಂದ ಕಾಡು ಬೋಳಾಗಲಿಲ್ಲ. ಉಪ್ಪು ಬೆಳೆಯುತ್ತೇವೆಂದು ಪಟ್ಟಣದಿಂದ ಬಂದ ಮಹನೀಯರು ಹಿನ್ನೀರ ಕಾಲುವೆಯ ಇಕ್ಕೆಲವನ್ನೂ ನುಣ್ಣಗೆ ಬೋಳಿಸಿ, ಒಡ್ಡು ಕಟ್ಟಿ, ಸಮುದ್ರದ ನೀರಿಗೆ ಬಾಗಿಲು ಹಾಕಿ, ಉಪ್ಪಿಗೆ ಬೆಲೆ ಬಿದ್ದ ವರ್ಷ ಎಲ್ಲವನ್ನೂ ಹಾಗೇ ಬಿಟ್ಟು ಗಂಟುಮೂಟೆ ಕಟ್ಟಿದರು. ಆ ಮಹನೀಯರ ಹೆಸರು ಈಗ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಗಳು ಕಡಿದ ಹೆಂಗಸರ ಹೆಸರು ಮಾತ್ರ ಪ್ರತಿಯೊಂದು ಭಾಷಣದಲ್ಲೂ ಸಿಗುತ್ತದೆ. ಕಾಡು ಹೋದ ಮೇಲೆ ಸಿಗಡಿ ಹೋಯಿತು, ಸಿಗಡಿಯ ಹಿಂದೆ ಮೀನು ಹೋಯಿತು, ಉಪ್ಪುನೀರು ಭತ್ತದ ಗದ್ದೆಗೆ ಬಂದು ಕಾಲುಚಾಚಿ ಮಲಗಿತು.

ಸಸಿತೋಟ ಹುಟ್ಟಿದ್ದು ಒಂದು ಜಗಳದಿಂದ. ನೆರೆಮನೆಯ ಬಿ ಚಾವುಸಿಕು ಬಾವಿಕಟ್ಟೆಯಲ್ಲಿ ಹತ್ತು ಜನರೆದುರು, “ಸೆಮೇನಿ ನೆಟ್ರೆ ಮರಗೆಣಸೂ ಒಣಗತ್ತೆ ಕಣ್ರೇ. ಅವಳ ಬಾಯಿ ಬಿಸಿಗೆ ಹುಲ್ಲೂ ಹುಟ್ಟಲ್ಲ” ಎಂದಿದ್ದಳು. ಸೆಮೇನಿ ಅವತ್ತೇ ಕಾಲುವೆಯಲ್ಲಿ ಉಳಿದಿದ್ದ ಒಂದೆರಡು ಮುದಿ ಕಾಂಡ್ಲಾ ಮರಗಳಿಗೆ ಹೋಗಿ, ನುಗ್ಗೆಕಾಯಿಯ ಹಾಗೆ ಮರದಲ್ಲೇ ಮೊಳೆತು ಜೋಲಾಡುವ ಕೋಡುಗಳನ್ನು ಕಿತ್ತು ತಂದು, ಹಾಲಿನ ಖಾಲಿ ಪೊಟ್ಟಣಗಳಿಗೆ ಕೆಸರು ತುಂಬಿ ಸಿಕ್ಕಿಸಿದಳು. ಎಲ್ಲವೂ ಕೊಳೆತವು. ಎಳೆಯವನ್ನು ಕಿತ್ತಿದ್ದಳು. ಚಾವುಸಿಕು ನಕ್ಕಳು. ಇವಳು ಮತ್ತೆ ಹೋಗಿ ಕುತ್ತಿಗೆ ಹಳದಿಯಾದವನ್ನೇ ಆರಿಸಿ ತಂದಳು. ಅವನ್ನು ಏಡಿಗಳು ತಿಂದವು. ಚಾವುಸಿಕು ಇನ್ನೂ ಜೋರಾಗಿ ನಕ್ಕಳು. ಮೂರನೆಯ ಸಲ ತೆಂಗಿನ ಗರಿಯ ಚಪ್ಪರ ಹಾಕಿ, ಸುತ್ತ ಹಳೇ ಬಲೆ ಕಟ್ಟಿದಾಗ ಸಸಿಗಳು ಎಲೆ ಬಿಟ್ಟವು. ಆಗ ನಗುವುದನ್ನು ನಿಲ್ಲಿಸಿದ ಚಾವುಸಿಕು, “ಗೆದ್ದೆ ಅಂತ ಒಬ್ಳೇ ಮೆರೀಬೇಡ, ನಂಗೂ ನಾಲ್ಕು ಪೊಟ್ಟಣ ಕೊಡು” ಎಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಸಂಘ ಅಂತ ಆದದ್ದು ಹಾಗೆ. ಮೇಲಿನವರು ಬಂದು ಅದಕ್ಕೊಂದು ಉದ್ದನೆಯ ಹೆಸರು ಇಟ್ಟದ್ದು ಆಮೇಲೆ.

ತೋಟ ಇದ್ದದ್ದು ಉಬ್ಬರದ ಅಂಚಿನಲ್ಲಿ. ಸಮುದ್ರವೇ ಬಂದು ನೀರುಣಿಸಿ ಹೋಗುತ್ತಿತ್ತು, ಸೆಮೇನಿ ಬಂದು ಬೈಗುಳ ಉಣಿಸುತ್ತಿದ್ದಳು. “ಏನೇ, ನೆಟ್ಟಗೆ ನಿಲ್ಲೋಕೆ ಏನು ರೋಗ ನಿಂಗೆ? ಪಕ್ಕದೋಳು ನೋಡು, ಆರನೇ ಎಲೆ ಬಿಟ್ಟಿದ್ದಾಳೆ. ನೀನು ಇನ್ನೂ ಮದುಮಗಳ ಥರ ತಲೆ ಬಗ್ಗಿಸ್ಕೊಂಡು ನಿಂತಿದ್ದೀಯ!” ಹೆಂಗಸರಿಗೆ ಇದು ದಿನದ ಮನರಂಜನೆ. ಒಳ್ಳೆಯ ಮಾತಾಡಿ ಬೆಳೆಸಿದ ಸಸಿಗಳು ಹೊರಗೆ ಹೋಗಿ ಏನು ಬದುಕಿಯಾವು, ಬೈಸಿಕೊಂಡು ಗಟ್ಟಿಯಾಗಲಿ ಎಂಬುದು ಆಕೆಯ ವಾದ.

ಬೈಸಿಕೊಂಡು ಗಟ್ಟಿಯಾದ ಆ ಸಸಿಗಳು ಹೋದ ವರ್ಷ ಸತ್ತದ್ದು ಮಾತ್ರ ಯಾರೂ ಬಾಯಿ ಬಿಡದೆ ಇದ್ದುದರಿಂದ.

ನೆಡಬೇಕಾದ ಜಾಗ ಯಾವುದೆಂದು ಊರಿಗೆಲ್ಲ ಗೊತ್ತಿತ್ತು. ಹಿನ್ನೀರ ಕಾಲುವೆಯ ಹಿಂದಿನ ಹಳೇ ಉಪ್ಪಿನ ಆಗರ. ಹೆಂಗಸರೇ ಗುದ್ದಲಿ ಹಿಡಿದು ಒಡ್ಡನ್ನು ಕಡಿದು ನೀರಿಗೆ ದಾರಿ ಬಿಟ್ಟಿದ್ದರು. ತೆರೆ ಇಲ್ಲ, ಗಾಳಿ ಇಲ್ಲ, ಬೆಣ್ಣೆಯಂಥ ಕೆಸರು. ಆದರೆ ಅಲ್ಲಿಗೆ ಒಳ್ಳೇ ರಸ್ತೆ ಇಲ್ಲ, ಕೊಳೆತ ಮೊಟ್ಟೆಯ ವಾಸನೆ, ಶಾಮಿಯಾನಕ್ಕೆ ಗಟ್ಟಿ ನೆಲವಿಲ್ಲ. ಹಾಗಾಗಿ ಹೋದ ವರ್ಷ ಬಂದ ಗಣ್ಯರಿಗೆ ಊರ ಮುಂದಿನ ತೆರೆದ ಬಯಲು ತೋರಿಸಲಾಯಿತು. ಹಿಂದೆ ನೀಲಿ ಸಮುದ್ರ, ಮುಂದೆ ಟಾರು ರಸ್ತೆ, ಫೋಟೋಕ್ಕೆ ಹೇಳಿ ಮಾಡಿಸಿದ ಜಾಗ. ತೆರೆ ಬಡಿಯುವ ಮರಳುಬಯಲಿನಲ್ಲಿ ಎಳೇ ಕಾಂಡ್ಲಾ ನಿಲ್ಲುವುದಿಲ್ಲ ಎಂದು ಚಾವುಸಿಕುಗೆ ಗೊತ್ತಿತ್ತು, ಹತೀಬುವಿಗೆ ಗೊತ್ತಿತ್ತು, ಮೀನುಗಾರರಿಗೆ ಗೊತ್ತಿತ್ತು, ಕಾಲೇಜಿನಲ್ಲಿ ಅದನ್ನೇ ಓದಿ ಪಾಸಾಗಿ ಬಂದ ಅರಣ್ಯ ಇಲಾಖೆಯ ಹುಡುಗ ಶೆಚಾಂಬೊಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಸೆಮೇನಿಗೂ ಗೊತ್ತಿತ್ತು. ಅವತ್ತು ಆಕೆ ಹೊಸ ಕಾಂಗಾ ಉಟ್ಟು, ಗಣ್ಯರ ಪಕ್ಕ ನಿಂತು, ಫೋಟೋದಲ್ಲಿ ಹಲ್ಲು ಬಿಟ್ಟಿದ್ದಾಳೆ. ಒಂದು ನಾಡಿನ ಕಚೇರಿಗಳಲ್ಲಿ ಎಷ್ಟು ಜನಕ್ಕೆ ಸತ್ಯ ಗೊತ್ತಿದೆ ಎಂದು ಲೆಕ್ಕ ಹಾಕಿದರೆ ನಾಡು ಉದ್ಧಾರವಾಗಿ ಯಾವ ಕಾಲವಾಗಬೇಕಿತ್ತೋ! ಗೊತ್ತಿರುವುದು ಬಾಯಿಗೆ ಬರುವಷ್ಟರಲ್ಲಿ ಎದುರಿಗಿರುವವರ ಕುರ್ಚಿ ಕಣ್ಣಿಗೆ ಬೀಳುತ್ತದೆ, ಅಷ್ಟೇ ತೊಂದರೆ.

ತೆಂಕಣ ಗಾಳಿ ಎದ್ದಾಗ ತೆರೆಗಳು ಬಂದು ಸಸಿಗಳನ್ನು ಒಂದೊಂದಾಗಿ ಕಿತ್ತವು. ಉಳಿದವುಗಳ ಕಾಂಡಕ್ಕೆ ಚಿಪ್ಪುಹುಳುಗಳು ಮೆತ್ತಿಕೊಂಡು ಭಾರಕ್ಕೆ ಬಗ್ಗಿಸಿ ಮಲಗಿಸಿದವು. ಅರ್ಧಕ್ಕರ್ಧ ಹೆಂಗಸರು ಸಂಘ ಬಿಟ್ಟರು. ಉಳಿದವರ ಪರವಾಗಿ ಚಾವುಸಿಕು ಸ್ಪಷ್ಟವಾಗಿ ಹೇಳಿದಳು: “ಇನ್ನೊಂದು ವರ್ಷ ಸೊಂಟ ಬಗ್ಗಿಸ್ತೀವಿ ಸೆಮೇನಿ. ಈ ಸಲದ್ದೂ ಸತ್ರೆ ನಾವಿಲ್ಲ. ತೋಟದಲ್ಲಿ ಮೇಕೆ ಕಟ್ಕೋ.”

ಒಂದು ಸಸಿಯನ್ನೂ ಆ ಬಯಲಿಗೆ ಕೊಡುವುದಿಲ್ಲ ಎಂದು ಸೆಮೇನಿ ಅವತ್ತೇ ಆಣೆ ಇಟ್ಟಳು. ಹಾಗಿರುವಾಗ ಶೆಚಾಂಬೊ ಒಂದು ಬೆಳಿಗ್ಗೆ ಮೋಟಾರ್‌ಸೈಕಲ್ಲಿನಲ್ಲಿ ಬಂದು, ಇಳಿಯದೆಯೇ ಒಂದು ಕಾಲೂರಿ ನಿಂತು, ಸುದ್ದಿ ಹೇಳಿದ.

“ಬಿ ಸೆಮೇನಿ, ಮುಂದಿನ ವಾರ ನೆಡೋ ಕಾರ್ಯಕ್ರಮ. ಪ್ರಾಂತದ ಹೊಸ ದೊಡ್ಡ ಸಾಹೇಬ್ರೇ ಬರ್ತಾರೆ.”

“ಬರ್ಲಿ. ಕಾಲುವೆಗೆ ದಾರಿ ಸವರಿ ಇಡ್ತೀವಿ.”

ಶೆಚಾಂಬೊ ಕನ್ನಡಕ ತೆಗೆದು ಒರೆಸಿದ. ಅದರಲ್ಲಿ ಧೂಳೇನೂ ಇರಲಿಲ್ಲ. “ಅದು... ಬಯಲಲ್ಲೇ ಅಂತ ಆಗಿದೆ. ಶಾಮಿಯಾನದವರಿಗೆ ಹೇಳಿಯಾಗಿದೆ.”

“ಮಗಾ, ನೀನು ಓದಿದೋನು. ಬಯಲಲ್ಲಿ ಬದುಕ್ತಾವಾ?”

“ಇಲ್ಲ.”

“ಹಾಗಂತ ಸಾಹೇಬ್ರಿಗೆ ಹೇಳ್ದ್ಯಾ?”

“ನನ್ನ ಮೇಲಿನವರಿಗೆ ಹೇಳ್ದೆ. ಅವರು ಅವರ ಮೇಲಿನವರಿಗೆ ಹೇಳ್ತೀನಿ ಅಂದ್ರು. ಆಮೇಲೆ ಶಾಮಿಯಾನದ ಬಣ್ಣ ಯಾವ್ದಿರ್ಲಿ ಅಂತ ಕೇಳಿದ್ರು.”

“ಥೂ ನಿನ್ನ! ಈ ಸಾಹೇಬ ಯಾವ ಕಡೆಯವ್ನು?”

“ಟಬೋರಾದಿಂದ ಬರ್ತಿದ್ದಾರೆ.”

ಸೆಮೇನಿಯ ಮುಖ ಅರಳಿತು. ಕೈಯಲ್ಲಿದ್ದ ಕೆಸರಿನ ಪೊಟ್ಟಣ ಕೆಳಗೆ ಬಿತ್ತು. “ಟಬೋರಾದಿಂದಾನಾ? ಅಯ್ಯೋ ನನ್ನಪ್ಪಾ! ಮೊದಲೇ ಹೇಳಬಾರದಿತ್ತಾ? ನನ್ನ ಮ್ತಾನಿ ಬರ್ತಿದ್ದಾನೆ!”

ಸೆಮೇನಿ ಜಿಗುವಾ ಜನದವಳು. ಟಬೋರಾ ಸೀಮೆಯ ನ್ಯಾಮ್ವೇಜಿಗಳಿಗೂ ಕರಾವಳಿಯ ಜಿಗುವಾಗಳಿಗೂ ಅಜ್ಜಂದಿರ ಕಾಲದಿಂದ ಉತಾನಿಯ ನಂಟು. ಅಂದರೆ ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈಯುವ ಪರಂಪರಾಗತ ಹಕ್ಕು. ಆ ನಂಟಿನವರೇ ಮ್ತಾನಿಗಳು. ಮ್ತಾನಿ ಬೈದರೆ ಸಿಟ್ಟಾಗುವಂತಿಲ್ಲ, ಸಿಟ್ಟಾದವನು ಸೋತ. ಸಾವಿನ ಮನೆಗೆ ಬಂದ ಮ್ತಾನಿ ತೋಡಿದ ಗುಂಡಿಯಲ್ಲಿ ತಾನೇ ಮಲಗಿ “ಜಾಗ ಹದವಾಗಿದೆ, ನಿಮ್ಮ ಹೆಣಕ್ಕೆ ಬೇರೆ ಕಡೆ ನೋಡ್ಕೊಳ್ಳಿ” ಎಂದರೂ ಅವನಿಗೊಂದು ಕೋಳಿ ಕೊಟ್ಟು ಓಲೈಸಿ ಎಬ್ಬಿಸಬೇಕೇ ಹೊರತು ಗದರುವಂತಿಲ್ಲ. ನಿಮ್ಮ ಟೋಪಿಯನ್ನೋ ಕೊಡೆಯನ್ನೋ ಅವನು ಕಸಿದುಕೊಂಡರೆ, ಕೇಳಿದ್ದು ಕೊಟ್ಟು ಬಿಡಿಸಿಕೊಳ್ಳಬೇಕು. ಬಿಡಿಸಿಕೊಳ್ಳದೆ ಹೊರಟವನ ಪ್ರಯಾಣ ನೆಟ್ಟಗಾಗುವುದಿಲ್ಲ ಎಂಬುದು ಮಂತ್ರಿಯಿಂದ ಹಿಡಿದು ಮೀನು ಮಾರುವವನವರೆಗೆ ಎಲ್ಲರೂ ಒಳಗೊಳಗೇ ನಂಬಿರುವ ವಿಷಯ.

ಸಾಹೇಬನಿಗೆ ಸತ್ಯ ಹೇಳಲು ಸಾಮಾನ್ಯ ಹೆಂಗಸೊಬ್ಬಳಿಗೆ ದಾರಿಯಿಲ್ಲ. ಮ್ತಾನಿಗೆ ಹೇಳಲು ಹೆದ್ದಾರಿಯೇ ಇದೆ! ಸೆಮೇನಿ ಆ ವಾರವೆಲ್ಲ ಬೈಗುಳಗಳನ್ನು ಅಕ್ಕಿ ಆರಿಸಿದ ಹಾಗೆ ಆರಿಸಿದಳು. ರಾತ್ರಿಯೂಟಕ್ಕೆ ಕೂತಾಗ ಗಂಡನ ಮೇಲೆ ಪ್ರಯೋಗ ಮಾಡಿ ನೋಡಿದಳು.

“ಇದು ಹೇಗಿದೆ ಹೇಳಿ. ‘ಹೊರೆಯಾಳಿನ ಮೊಮ್ಮಗನೇ’ ಅಂತ ಶುರು ಮಾಡ್ಲಾ?”

ಹತೀಬು ಮೀನಿನ ಮುಳ್ಳು ತೆಗೆಯುತ್ತಿದ್ದ. “ಅವನು ನಿಜವಾಗ್ಲೂ ನ್ಯಾಮ್ವೇಜೀನಾ?” ಎಂದು ಕೇಳಿದ.

“ಟಬೋರಾದಿಂದ ಬರೋನು ಮತ್ತೇನು ಅರಬನಾ? ತಿನ್ನಿ ಸುಮ್ನೆ.”

ಹತೀಬು ಸುಮ್ಮನೆ ತಿಂದ. ಅಪರೂಪಕ್ಕೆ ಆಡಿದ ಮಾತಿಗೂ ಇಷ್ಟೇ ಬೆಲೆ ಎಂದು ಅವನಿಗೆ ಅಭ್ಯಾಸವಾಗಿತ್ತು.

ಕಾರ್ಯಕ್ರಮದ ದಿನ ಸಂಘದ ಹೆಂಗಸರಿಗೆಲ್ಲ ಒಟ್ಟಿಗೇ ತಲೆನೋವು ಬಂತು. ಸಸಿಯ ಬುಟ್ಟಿಗಳನ್ನು ತಲೆ ಮೇಲೆ ಹೊತ್ತು ಬಯಲಿಗೆ ತರಬೇಕಾದವರು ಒಬ್ಬೊಬ್ಬರಾಗಿ ಹಣೆ ಹಿಡಿದುಕೊಂಡು ಶಾಮಿಯಾನದ ನೆರಳಲ್ಲಿ ಕೂತರು. ಅದು ಸೆಮೇನಿಯ ಏರ್ಪಾಟು. ಆದರೆ ಶೆಚಾಂಬೊ, ಹೆದರಿದವನಿಗೆ ಮಾತ್ರ ಬರುವ ಚುರುಕುತನದಿಂದ, ಸಾಹೇಬರ ಪಿಕಪ್ ಗಾಡಿಯ ಚಾಲಕನ ಕೈಕಾಲು ಹಿಡಿದ. ಸಾಹೇಬರು ಶಾಮಿಯಾನದಲ್ಲಿ ಎಳನೀರು ಕುಡಿಯುವಷ್ಟರಲ್ಲಿ ಚಾಲಕ ತೋಟಕ್ಕೆ ಹೋಗಿ, ಸಸಿಗಳನ್ನೆಲ್ಲ ಗಾಡಿಯ ಹಿಂಭಾಗಕ್ಕೆ ಏರಿಸಿಕೊಂಡು ಬಯಲಿಗೆ ತಂದು ನಿಲ್ಲಿಸಿದ. ತಲೆನೋವು ವ್ಯರ್ಥವಾಯಿತು. ಮಕ್ಕಳನ್ನು ಕಸಾಯಿಖಾನೆಯ ಬಾಗಿಲಿಗೆ ತಂದು ನಿಲ್ಲಿಸಿದ್ದಾರೆ ಎಂದುಕೊಂಡು ಸೆಮೇನಿ ಶಾಮಿಯಾನದ ಕಡೆ ದಾಪುಗಾಲು ಹಾಕಿದಳು.

ಸಾಹೇಬರ ಹೆಸರು ಲಿಯೊಪೋಲ್ಡ್. ದುಂಡಗಿನ ಮೈ, ಇಸ್ತ್ರಿ ಗೆರೆ ಬೆರಳು ಕೊಯ್ಯುವಂಥ ಪ್ಯಾಂಟು, ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ ಕರಿ ಬೂಟು. ಒದ್ದೆ ಮರಳಿಗಿಳಿದು ಮೊದಲ ಸಸಿ ನೆಡಬೇಕಾದ್ದರಿಂದ ಅವರು ಬೂಟು ಕಳಚಿ ಕುರ್ಚಿಯ ಪಕ್ಕಕ್ಕಿಟ್ಟು, ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ಕೂತಿದ್ದರು. ಕ್ಯಾಮೆರಾದವರು ಸಮುದ್ರ ಬೆನ್ನಿಗೆ ಬರುವಂತೆ ಜಾಗ ಗುರುತು ಮಾಡಿದ್ದರು. ಸಂಘದ ಅಧ್ಯಕ್ಷೆಯಿಂದ ಎರಡು ಸ್ವಾಗತದ ಮಾತು ಎಂದು ಶೆಚಾಂಬೊ ಮೈಕನ್ನು ಸೆಮೇನಿಯ ಕೈಗೆ ಕೊಟ್ಟ. ಕೊಡುವಾಗ “ಎರಡೇ ಮಾತು, ಬಿ ಸೆಮೇನಿ” ಎಂದು ಅಂಗಲಾಚಿದ.

ಸೆಮೇನಿ ಮೈಕ್ ಹಿಡಿದಳು. ಆಕೆಗೆ ಅದರ ಅಗತ್ಯವಿರಲಿಲ್ಲ.

“ಬಾರಯ್ಯಾ ಬಾ, ಹೊರೆಯಾಳಿನ ಮೊಮ್ಮಗನೇ! ನಿಮ್ಮಜ್ಜ ತಲೆ ಮೇಲೆ ಆನೆದಂತ ಹೊತ್ಕೊಂಡು ಇದೇ ದಡಕ್ಕೆ ಬಂದಿದ್ದ. ಸಮುದ್ರ ನೋಡಿ, ‘ಅಯ್ಯೋ ಇಷ್ಟು ದೊಡ್ಡ ಪಾತ್ರೆ, ಇದರ ಮುಚ್ಚಳ ಎಲ್ಲಿ ಕಳಕೊಂಡ್ರಿ’ ಅಂತ ಕೇಳ್ದ. ಇದೇ ನೀರಲ್ಲಿ ಉಗಾಲಿ ಮುದ್ದೆ ತೊಳಸಿ, ಉಪ್ಪು ಜಾಸ್ತಿ ಆಯ್ತು ಅಂತ ಹೆಂಡ್ತಿ ಮೇಲೆ ರೇಗ್ದ. ಅಂಥವನ ಮೊಮ್ಮಗ ನೀನು, ನಮಗೆ ಕಾಂಡ್ಲಾ ಎಲ್ಲಿ ನೆಡಬೇಕು ಅಂತ ಹೇಳಿಕೊಡೋಕೆ ಬಂದಿದ್ದೀಯಾ?”

ಹೆಂಗಸರು ನಕ್ಕರು. ಮೀನುಗಾರರು ನಕ್ಕರು. ಕುರ್ಚಿಯಲ್ಲಿದ್ದವರು ಯಾರೂ ನಗಲಿಲ್ಲ. ಸೆಮೇನಿ ಅದನ್ನು ಗಮನಿಸಲಿಲ್ಲ. ಆಗಲೇ ಇಳಿಜಾರಿಗೆ ಬಿದ್ದಾಗಿತ್ತು.

“ಹೋದ ವರ್ಷ ನಿನ್ನಂಥವನೇ ಒಬ್ಬ ಇಲ್ಲೇ ನೆಟ್ಟು, ಹಲ್ಲು ಕಿಸಿದು, ಫೋಟೋ ತಗೊಂಡು ಹೋದ. ತೆರೆ ಬಂದು ಒಂದೂ ಬಿಡದ ಹಾಗೆ ಕಿತ್ಕೊಂಡು ಹೋಯ್ತು. ಫೋಟೋ ಬದುಕಿದೆ, ಗಿಡ ಸತ್ತಿದೆ. ಇಲ್ಲಿ ಕೂತಿರೋ ಪ್ರತಿಯೊಬ್ಬನಿಗೂ ಅದು ಗೊತ್ತು. ಬಾಯಿಗೆ ಮಾತ್ರ ಎಲ್ಲರೂ ಹತ್ತಿ ತುರುಕ್ಕೊಂಡಿದ್ದಾರೆ!” ಹೀಗೆಂದವಳೇ ಬಗ್ಗಿ ಆ ಹೊಳೆಯುವ ಬೂಟುಗಳನ್ನು ಎತ್ತಿ ಕಂಕುಳಲ್ಲಿ ಸೇರಿಸಿ, ಮೇಲೆ ಕಾಂಗಾ ಮುಚ್ಚಿದಳು. “ಇವು ಈಗ ನನ್ನವು. ಬೇಕಾದ್ರೆ ಬಿಡಿಸ್ಕೋ, ಮ್ತಾನಿ! ಸಸಿ ಕಾಲುವೆಗೆ ಹೋದ್ರೆ ಬೂಟು ಕಾಲಿಗೆ ಬರುತ್ತೆ. ಇಲ್ದಿದ್ರೆ ನಿಮ್ಮಜ್ಜನ ಹಾಗೆ ಬರಿಗಾಲಲ್ಲೇ ಟಬೋರಾಕ್ಕೆ ನಡಿ!”

ಸಾಹೇಬರು ನಿಧಾನಕ್ಕೆ ಎದ್ದು ನಿಂತರು. ಬರಿಗಾಲಲ್ಲಿ ಅವರು ಸ್ವಲ್ಪ ಗಿಡ್ಡ ಕಂಡರು.

“ನೋಡಮ್ಮಾ,” ಎಂದರು, “ನಾನು ಬುಕೋಬಾದವನು. ಹಾಯಾ ಜನ. ಟಬೋರಾದಲ್ಲಿ ನೌಕರಿಯಲ್ಲಿದ್ದೆ. ಅಲ್ಲಿಂದ ಇಲ್ಲಿಗೆ ವರ್ಗವಾಗಿ ಬಂದಿದ್ದೀನಿ, ಅಷ್ಟೇ.”

ಮೈಕು ಸೆಮೇನಿಯ ಕೈಯಲ್ಲೇ ಇತ್ತು. ಅದು ಈ ಮಾತನ್ನೂ ಹಿಡಿದು ಊರ ಕೊನೆಯವರೆಗೆ ಬಿತ್ತರಿಸಿತು. ಟಬೋರಾದಿಂದ ಬರುವುದು ಬೇರೆ, ಟಬೋರಾದವನಾಗಿರುವುದು ಬೇರೆ. ಶೆಚಾಂಬೊ ಹೇಳಿದ ಒಂದು ‘ಇಂದ’ಕ್ಕೆ ಇಷ್ಟೊಂದು ಆಳವಿದೆಯೆಂದು ಯಾರಿಗೆ ಗೊತ್ತಿತ್ತು? ಬುಕೋಬಾದ ಹಾಯಾಗಳಿಗೂ ಜಿಗುವಾಗಳಿಗೂ ಯಾವ ಉತಾನಿಯೂ ಇಲ್ಲ. ಅಂದರೆ ಸೆಮೇನಿ ಈಗಷ್ಟೇ ಮಾಡಿದ್ದು ಹಾಸ್ಯವಲ್ಲ. ಸರ್ಕಾರದ ದೊಡ್ಡ ಅಧಿಕಾರಿಯೊಬ್ಬರನ್ನು ಸಾರ್ವಜನಿಕವಾಗಿ ಕೂಲಿಯ ಮೊಮ್ಮಗ ಎಂದು ಕರೆದು, ಅವರ ಬೂಟು ಕದ್ದದ್ದು.

ಜೊತೆಗಿದ್ದ ಪೊಲೀಸಿನವನು ಒಂದು ಹೆಜ್ಜೆ ಮುಂದೆ ಬಂದ. ಶೆಚಾಂಬೊ ಕುರ್ಚಿಯ ಬೆನ್ನು ಹಿಡಿದುಕೊಂಡ. ಹೆಂಗಸರ ನಗು ಬಾಯಲ್ಲೇ ಒಣಗಿತು. ಸೆಮೇನಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಪ್ಪಾಯಿತು ಎಂದು ಬೂಟು ಕೆಳಗಿಟ್ಟು, ಸಸಿಗಳನ್ನು ಇಲ್ಲೇ ನೆಡಿಸಿ, ನಾಳೆಯಿಂದ ತೋಟದಲ್ಲಿ ಮೇಕೆ ಕಟ್ಟುವುದು. ಇನ್ನೇನು ಉಳಿದಿದೆ? ಕಂಕುಳಲ್ಲಿದ್ದ ಬೂಟು ಕಬ್ಬಿಣದಷ್ಟು ಭಾರವಾಗಿತ್ತು. ಆದರೂ ಕೈ ಅದನ್ನು ಬಿಡಲು ಒಪ್ಪಲಿಲ್ಲ.

ಅಷ್ಟರಲ್ಲಿ ಪಿಕಪ್ಪಿನ ಕಡೆಯಿಂದ ಒಂದು ಗಂಟಲು ಕೇಳಿಸಿತು.

“ಸಾರ್, ಕಾಗದ ನಂದು ಸಾರ್! ವಿಳಾಸ ತಪ್ಪಿ ನಿಮ್ಮ ಮನೆಗೆ ಬಂದಿದೆ!”

ಅವನು ಸಾಹೇಬರ ಚಾಲಕ ಮಿಹಾಂಬೊ. ಅವರ ಜೊತೆಯಲ್ಲೇ ಟಬೋರಾದಿಂದ ವರ್ಗವಾಗಿ ಬಂದ, ಆದರೆ ಅಪ್ಪಟ ನ್ಯಾಮ್ವೇಜಿಯಾದ, ಒಣಕಲು ಮೈಯ, ಇಷ್ಟಗಲ ಕಿವಿಯ ಮನುಷ್ಯ. ಬೆಳಗಿನಿಂದ ಯಾರ ಕಣ್ಣಿಗೂ ಬೀಳದೆ ಗಾಡಿಗೆ ಒರಗಿ ನಿಂತಿದ್ದವನು ಈಗ ಮದುವೆಮನೆಗೆ ನುಗ್ಗುವವನ ಉತ್ಸಾಹದಲ್ಲಿ ಶಾಮಿಯಾನದೊಳಕ್ಕೆ ನುಗ್ಗಿದ.

“ಏನಂದೆ ನೀನು? ನಮ್ಮಜ್ಜ ಹೊರೆ ಹೊತ್ತ. ಹೌದು, ಹೊತ್ತ! ನಿಮ್ಮಜ್ಜ ಏನು ಹೊತ್ತ ಹೇಳು? ಬರೀ ಮಾತು ಹೊತ್ತ. ನಮ್ಮಜ್ಜ ಹೊತ್ತಿದ್ದು ದಡದಲ್ಲಿ ಇಳೀತು. ನಿಮ್ಮಜ್ಜನ ಹೊರೆ ಇನ್ನೂ ನಿನ್ನ ನಾಲಿಗೆ ಮೇಲೇ ಇದೆ!”

ಮೀನುಗಾರರು ಹೋ ಎಂದರು. ಸೆಮೇನಿಗೆ ಮುಳುಗುವವಳಿಗೆ ಗಾಳಿ ಸಿಕ್ಕಂತಾಯಿತು. “ಓಹೋ! ಎಲ್ಲಿ ಅಡಗಿದ್ದೆಯೋ ಚಕ್ಕಡಿ ಕಿವಿಯೋನೇ? ನಿನ್ನ ಕಿವಿ ಇದ್ರೆ ಹಾಯೀನೇ ಬೇಡ, ದೋಣಿಗೆ ಕಟ್ಟಿದ್ರೆ ಜಾಂಜಿಬಾರಿಗೇ ಹೋಗಬಹುದು!”

“ನಿನ್ನ ದೋಣಿ ನಂಗ್ಯಾಕೆ? ನೀವು ಜಿಗುವಾಗಳು ಮೀನಿನ ಬಾಲ ನೆಕ್ಕಿ ‘ಇವತ್ತು ಹಬ್ಬ’ ಅನ್ನೋರು!”

“ನಿಂಗೆ ಬಾಲ ಯಾವ್ದು ತಲೆ ಯಾವ್ದು ಅಂತ ಗೊತ್ತಾಗೋಕೆ ಮೊ‌ದಲು ಮೀನು ನೋಡಿರಬೇಕಲ್ಲೋ!”

ಸಾಹೇಬರು “ಮಿಹಾಂಬೊ!” ಎಂದು ಗದರಿದರು. ಮಿಹಾಂಬೊ ಥಟ್ಟನೆ ತಿರುಗಿ, ಬಹಳ ವಿನಯದಿಂದ, ಮೈಕಿಗೆ ಕೇಳಿಸುವಷ್ಟು ಹತ್ತಿರದಲ್ಲೇ ನಿಂತು ಹೇಳಿದ: “ಸಾರ್, ಇವಳು ನನ್ನ ಮ್ತಾನಿ. ನಿಮ್ಮ ಬೂಟನ್ನ ನನ್ನ ಲೆಕ್ಕದಲ್ಲಿ ಹಿಡಿದಿದ್ದಾಳೆ. ನಾನು ಬಿಡಿಸದೆ ಗಾಡಿ ಓಡಿಸಿದ್ರೆ ದಾರೀಲಿ ಏನಾಗುತ್ತೆ ಅಂತ ನಿಮಗೆ ಗೊತ್ತಲ್ಲಾ ಸಾರ್. ನಿಮ್ಮ ಕಡೆಗೂ ಮ್ತಾನಿಗಳಿದ್ದಾರೆ.”

ಸಾಹೇಬರಿಗೆ ಗೊತ್ತಿತ್ತು. ಅವರು ಡಿಗ್ರಿ ಮೇಲೆ ಡಿಗ್ರಿ ಮಾಡಿದವರು, ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿದವರು. ಆದರೂ ಅವರ ಕಣ್ಣು ಒಮ್ಮೆ ಗಾಡಿಯ ಮುಂದಿನ ಚಕ್ರದ ಕಡೆಗೆ ಹೋಗಿ ಬಂದದ್ದನ್ನು ಊರೆಲ್ಲ ನೋಡಿತು. ಪೊಲೀಸಿನವನೂ ನೋಡಿ ಹಿಂದಕ್ಕೆ ಸರಿದ. ಅವನೂ ಅದೇ ಗಾಡಿಯಲ್ಲಿ ಹಿಂತಿರುಗಬೇಕಿತ್ತು.

“ಬಿಡಿಸ್ಕೊಳ್ಳೋಕೆ ಏನು ಬೇಕು ನಿಂಗೆ?” ಎಂದು ಮಿಹಾಂಬೊ ಸೆಮೇನಿಯನ್ನು ಕೇಳಿದ. “ನನ್ನ ಹತ್ರ ಕೋಳಿ ಇಲ್ಲ.”

“ನಿನ್ನ ಗಾಡೀಲಿರೋ ನನ್ನ ಮಕ್ಕಳನ್ನ ಕಾಲುವೆಗೆ ಬಿಡು.”

“ದಾರಿ ಇದ್ಯಾ?”

“ಗಾಡಿ ಹೋಗೋಷ್ಟಿದೆ. ಸಾಹೇಬ ಹೋಗೋಷ್ಟು ಇಲ್ಲ.”

“ಹತ್ತು ಮತ್ತೆ, ಬಾಯಿಬಡುಕಿ!”

ಸೆಮೇನಿ ಬೂಟುಗಳ ಸಮೇತ ಪಿಕಪ್ಪಿನ ಹಿಂಭಾಗಕ್ಕೆ ಹತ್ತಿ ಸಸಿಗಳ ನಡುವೆ ಕೂತಳು. ಗಾಡಿ ಹೊರಟಿತು. ಹಾಗೆ, ಒಂದು ಕ್ಷಣದಲ್ಲಿ, ಸಮಾರಂಭದ ಸಸಿಗಳು, ಸಮಾರಂಭದ ವಾಹನ, ಸಮಾರಂಭದ ಅಧ್ಯಕ್ಷರ ಬೂಟುಗಳು ಎಲ್ಲವೂ ಕಾಲುವೆಯ ಕಡೆ ನಡೆದವು. ಬಯಲಿನಲ್ಲಿ ಉಳಿದದ್ದು ಶಾಮಿಯಾನ ಮತ್ತು ಬರಿಗಾಲಿನ ಅಧ್ಯಕ್ಷರು. ಕ್ಯಾಮೆರಾದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಗಾಡಿಯ ಹಿಂದೆ ಓಡಿದರು. ಅವರಿಗೆ ಸುದ್ದಿ ಎಲ್ಲಿದೆ ಎಂಬ ವಾಸನೆ ಚೆನ್ನಾಗಿ ಹತ್ತುತ್ತದೆ. ಹೆಂಗಸರ ತಲೆನೋವು ಏಕಕಾಲಕ್ಕೆ ವಾಸಿಯಾಯಿತು. ಸೆರಗು ಬಿಗಿದು, ನಗುತ್ತಾ, ಹಾಡುತ್ತಾ ಅವರೂ ಹೊರಟರು. ಕೊನೆಗೆ ಸಾಹೇಬರ ಪಕ್ಕದಲ್ಲಿ ನಿಂತವನು ಶೆಚಾಂಬೊ ಒಬ್ಬನೇ.

“ಆ ಹೆಂಗಸು ಹೇಳಿದ್ದು ನಿಜವೇನಯ್ಯಾ?” ಎಂದು ಸಾಹೇಬರು ಕೇಳಿದರು. “ಇಲ್ಲಿ ನೆಟ್ಟರೆ ಸಾಯ್ತಾವಾ?”

“ಸಾಯ್ತಾವೆ ಸಾರ್.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀವು ಕೇಳಲಿಲ್ಲ ಸಾರ್” ಎಂದ ಶೆಚಾಂಬೊ. ಹೇಳಿ ನಾಲಿಗೆ ಕಚ್ಚಿಕೊಂಡ.

ಸಾಹೇಬರು ಸುಡುವ ಮರಳಿನ ಮೇಲೆ ಬೆಕ್ಕಿನ ಹಾಗೆ ಕಾಲೆತ್ತಿ ಕಾಲೆತ್ತಿ ನಡೆದರು. ಒಂದು ಇಡೀ ಆಡಳಿತದಲ್ಲಿ ಮೇಲಿನವರು ಕೇಳುವುದಿಲ್ಲ, ಕೆಳಗಿನವರು ಹೇಳುವುದಿಲ್ಲ. ನಡುವೆ ಸಾಯುವುದು ಸಸಿ. ತೆರೆ ಬಡಿಯುವಲ್ಲಿ ಗಿಡ ನಿಲ್ಲುವುದಿಲ್ಲ ಎಂಬಷ್ಟು ಸಣ್ಣ ಮಾತನ್ನು ಹೇಳಲು ಒಬ್ಬ ಹೆಂಗಸಿಗೆ ಅಜ್ಜಂದಿರು ಬಿಟ್ಟುಹೋದ ಬೈಗುಳದ ಪರವಾನಗಿ ಬೇಕಾಯಿತು. ಅದೂ ತಪ್ಪು ವಿಳಾಸಕ್ಕೆ ಹೋಗಿ, ಅದೃಷ್ಟದಿಂದ ಉಳಿಯಿತು. ನಗಬೇಕೋ ಹಲ್ಲು ಕಡಿಯಬೇಕೋ ತಿಳಿಯದು.

ಸಾಹೇಬರು ಕಾಲುವೆ ತಲುಪಿದಾಗ ಹೆಂಗಸರು ಆಗಲೇ ಸಾಲಿಗೆ ಇಳಿದಿದ್ದರು. ಸಾಹೇಬರು ಒಡ್ಡಿನಿಂದ ಕೆಳಗೆ ಕಾಲಿಟ್ಟದ್ದೇ ಮೊಣಕಾಲಿನವರೆಗೆ ಹೂತರು, ಮಡಚಿದ ಪ್ಯಾಂಟು ಮುಳುಗಿತು, ಇಸ್ತ್ರಿ ಗೆರೆ ಶಾಶ್ವತವಾಗಿ ಅಳಿಸಿತು. ಮಿಹಾಂಬೊ ಒಂದು ಕೈ, ಸೆಮೇನಿ ಒಂದು ಕೈ ಹಿಡಿದು ಮೇಲೆತ್ತಿದರು. ಇಷ್ಟು ಹೊತ್ತಿಗೆ ಸೆಮೇನಿಗೆ ಭಯ ಹಿಂತಿರುಗಿ ಬಂದಿತ್ತು. ಒಂದು ಸಸಿಯ ಪೊಟ್ಟಣ ಹರಿದು, ಬೇರಿನ ಮಣ್ಣು ಉದುರದಂತೆ ಅವರ ಕೈಗೆ ಕೊಟ್ಟಳು. ಸಾಹೇಬರು ಅದನ್ನು ಕೆಸರಿಗೆ ತುರುಕಿದರು.

“ಇಷ್ಟು ಆಳ ಸಾಕಾ?”

ಜಾಸ್ತಿಯಾಗಿತ್ತು. ಸೆಮೇನಿ ತುಟಿ ಕಚ್ಚಿ, “ಚೆನ್ನಾಗಿದೆ ಬ್ವಾನಾ” ಎಂದು, ಅವರು ಆಚೆ ತಿರುಗಿದಾಗ ಸಸಿಯನ್ನು ಮೆಲ್ಲಗೆ ಎರಡು ಬೆರಳಷ್ಟು ಮೇಲಕ್ಕೆ ಎಳೆದಳು. ಸಾಹೇಬರು ಇನ್ನೊಂದು ನೆಟ್ಟರು. ಮತ್ತೊಂದು. ಏಡಿಯೊಂದು ಹೆಬ್ಬೆರಳು ಹಿಡಿದಾಗ ಕೂಗಿದರು, ಎಲ್ಲರೂ ನಕ್ಕಾಗ ಅವರೂ ನಕ್ಕರು. ಆಗ ಸೆಮೇನಿ ಬೂಟುಗಳನ್ನು ಕಾಂಗಾದಿಂದ ಹೊರತೆಗೆದು, ಅಂಚಿನಿಂದ ಒರೆಸಿ, ಮಿಹಾಂಬೊ ಕೈಗೆ ಹಾಕಿದಳು.

“ತಗೋ, ಚಕ್ಕಡಿ ಕಿವಿ. ಬಿಡಿಸಿಕೊಂಡೆ ನೀನು.”

“ಮುಂದಿನ ಸಲ ನಿನ್ನ ಗಂಡನ್ನೇ ಹಿಡ್ಕೊಂಡು ಹೋಗ್ತೀನಿ ನೋಡು.”

“ಹಿಡ್ಕೊಂಡು ಹೋಗಿ ಏನ್ಮಾಡ್ತೀಯ? ಅವನು ನಿನ್ ಹತ್ರಾನೂ ಮಾತಾಡಲ್ಲ.”

ಮೈಕಿನ ತಂತಿ ಕಾಲುವೆಯವರೆಗೆ ಮುಟ್ಟಲಿಲ್ಲ. ಸಾಹೇಬರು ಒಡ್ಡಿನ ಮೇಲೆ ನಿಂತು, ಕೆಸರು ಮೆತ್ತಿದ ಕೈಯನ್ನು ಸಸಿಸಾಲಿನ ಕಡೆ ಚಾಚಿ, ಕ್ಯಾಮೆರಾಗಳಿಗೆ ಮುಖ ಕೊಟ್ಟು ಬರಿಗಂಟಲಿನಲ್ಲೇ ಭಾಷಣ ಮಾಡಿದರು. ಕರಾವಳಿಯ ಭವಿಷ್ಯದ ಬಗ್ಗೆ ಹೇಳಿದರು. ಮಹಿಳೆಯರ ಶ್ರಮದ ಬಗ್ಗೆ ಹೇಳಿದರು. ಆಮೇಲೆ ಗಂಟಲು ಸರಿಪಡಿಸಿಕೊಂಡು, “ಶಾಮಿಯಾನ ಹಾಕಿದ್ದ ಜಾಗವನ್ನು ನಾನು ಖುದ್ದು ಪರಿಶೀಲಿಸಿದೆ. ಅದು ಸಸಿಗಳಿಗೆ ಯೋಗ್ಯವಲ್ಲ ಎಂದು ನನಗನ್ನಿಸಿತು. ಆದ್ದರಿಂದ ದೀರ್ಘವಾಗಿ ಆಲೋಚಿಸಿ, ಈ ಸ್ಥಳವನ್ನು ನಾನೇ ಆಯ್ಕೆ ಮಾಡಿದ್ದೇನೆ” ಎಂದರು.

ಕೆಸರಿನಲ್ಲಿ ನಿಂತಿದ್ದ ಹೆಂಗಸರೆಲ್ಲ ಒಟ್ಟಿಗೆ ಸೆಮೇನಿಯ ಕಡೆ ತಿರುಗಿದರು. ಮಿಹಾಂಬೊ ಕಿವಿ ಮುಂದೆ ಮಾಡಿದ. ಶೆಚಾಂಬೊ ಕಣ್ಣು ಮುಚ್ಚಿಕೊಂಡ. ಸೆಮೇನಿಯ ಬಾಯಿ ತೆರೆಯಿತು, ಹಾಗೇ ಮುಚ್ಚಿತು.

ಚಾವುಸಿಕು ಮೊಣಕೈಯಲ್ಲಿ ತಿವಿದಳು. “ಏನೇ ಸೆಮೇನಿ! ಕೇಳಿಸ್ಲಿಲ್ವಾ? ಜಾಗ ತಾನೇ ಆರಿಸ್ದೆ ಅಂತಾನಲ್ಲೇ! ಹೇಳೇ ಏನಾದ್ರೂ!”

“ಸುಮ್ನಿರೇ ನೀನು” ಎಂದು ಸೆಮೇನಿ ಪಿಸುಗುಟ್ಟಿದಳು. “ನಾನು ಆರಿಸಿದ್ದು ಅಂದ್ರೆ ನಾಳೆ ಇನ್ಯಾವನೋ ಬಂದು ಕೀಳಿ ಅಂತಾನೆ. ಸಾಹೇಬ ಆರಿಸಿದ್ದನ್ನ ಮುಟ್ಟೋ ಗಂಡಸು ಈ ಪ್ರಾಂತದಲ್ಲಿ ಯಾವನಿದ್ದಾನೆ?”

ಹೀಗೆಂದವಳು ಎರಡೂ ಕೆಸರುಗೈಗಳನ್ನೆತ್ತಿ, ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಕೆಸರು ಒಡ್ಡಿನ ಮೇಲಿದ್ದವರ ಅಂಗಿಯವರೆಗೂ ಸಿಡಿಯಿತು.